ಸುಳ್ಳು ಹೆಸರಿನ ಕೇಸ್ ಶೀಟ್: ವೈದ್ಯರ ಮಾನಸಿಕ ನೆರವಿನಲ್ಲಿ ಗೋಪ್ಯತೆಯ ಸ್ಥಾನ

ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಲು ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆ 2024ರಲ್ಲಿ ವರದಿ ಒಪ್ಪಿಸಿತು. ನಿಮ್ಹಾನ್ಸ್‌ನ ಪ್ರಾಧ್ಯಾಪಕ ಡಾ. ಸುರೇಶ್ ಬಡಾ ಮಠ ಅದರ ಅಧ್ಯಕ್ಷರಾಗಿದ್ದರು. ಆನ್‌ಲೈನ್ ಪ್ರಶ್ನಾವಳಿಗೆ 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳೂ 5,337 ಪಿ.ಜಿ. (ಸ್ನಾತಕೋತ್ತರ) ವಿದ್ಯಾರ್ಥಿಗಳೂ ಉತ್ತರಿಸಿದ್ದರು. ವರದಿಯ ಎರಡು ಜೋಡಿ ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ಈ ಲೇಖನದ ಪ್ರಶ್ನೆ ಹುಟ್ಟಿತು. ತಮಗೆ ಮಾನಸಿಕ ಕಾಯಿಲೆಯ ರೋಗನಿರ್ಣಯ ಆಗಿದೆ ಎಂದವರು ಎಂ.ಬಿ.ಬಿ.ಎಸ್.ನಲ್ಲಿ ಶೇ. 27.8, ಪಿ.ಜಿ.ಗಳಲ್ಲಿ ಶೇ. 15.3. ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರು ಎಂ.ಬಿ.ಬಿ.ಎಸ್.ನಲ್ಲಿ ಶೇ. 16.2, ಪಿ.ಜಿ.ಗಳಲ್ಲಿ ಶೇ. 31.2. ಸಂಕಟ ಸುಮಾರು ಎರಡು ಪಟ್ಟು ಇರುವ ಕಡೆಯಲ್ಲೇ ರೋಗನಿರ್ಣಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ತಾವಾಗಿಯೇ ಉತ್ತರಿಸಿದವರ ಸಮೀಕ್ಷೆಯಿದು. ಇದರಿಂದ ಕಾರಣವನ್ನು ಸಾಬೀತು ಮಾಡಲಾಗದು. ಆದರೂ ಈ ತಲೆಕೆಳಗಾದ ಲೆಕ್ಕಕ್ಕೆ ಒಂದು ವಿವರಣೆ ಬೇಕು. ಪಿ.ಜಿ. ಎಂದರೆ ಆಗಲೇ ನೋಂದಣಿಯಾದ ವೈದ್ಯ. ರೋಗಲಕ್ಷಣ ಅವರಿಗೆ ಗೊತ್ತು, ಔಷಧ ಗೊತ್ತು, ಮನೋವೈದ್ಯ ವಿಭಾಗ ಯಾವ ಮಹಡಿಯಲ್ಲಿದೆ ಎಂಬುದೂ ಗೊತ್ತು. ಗೊತ್ತಿರುವುದೇ ತೊಡಕಾಗಿದೆ ಎಂಬುದು ನನ್ನ ವಾದ. ಆ ಮಹಡಿಯಲ್ಲಿ ಕೂತಿರುವವರಿಗೂ ಇವರು ಗೊತ್ತು.

ನಮ್ಮ ಯಾವುದೇ ಮೆಡಿಕಲ್ ಕಾಲೇಜಿನ ಆಸ್ಪತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸರ್ಜರಿಯ ಪಿ.ಜಿ.ಯೊಬ್ಬರು ಸೈಕಿಯಾಟ್ರಿ ಓಪಿಡಿಗೆ ಹೋಗಬೇಕಾದರೆ ಚೀಟಿ ಮಾಡಿಸಬೇಕು. ಕಂಪ್ಯೂಟರಿನಲ್ಲಿ ಹೆಸರು, ವಯಸ್ಸು, ವಿಭಾಗ ದಾಖಲಾಗುತ್ತವೆ. ಕೇಸ್ ಬರೆದುಕೊಳ್ಳುವವರು ಹಾಸ್ಟೆಲಿನ ಪಕ್ಕದ ಕೋಣೆಯ ಗೆಳೆಯರೇ ಇರಬಹುದು. ಪರೀಕ್ಷಿಸುವ ಪ್ರಾಧ್ಯಾಪಕರು ಮಧ್ಯಾಹ್ನ ಊಟಕ್ಕೆ ಕೂರುವುದು ಇವರ ಗೈಡ್ ಪಕ್ಕದಲ್ಲಿ. ಥೀಸಿಸ್‌ಗೆ ಸಹಿ, ರಜೆಗೆ ಸಹಿ, ಪರೀಕ್ಷೆಯ ಅಂಕ ಎಲ್ಲವೂ ಅದೇ ಕಟ್ಟಡದಲ್ಲಿವೆ. ಯಾರೂ ಗುಟ್ಟು ಬಿಟ್ಟುಕೊಡದೇ ಇರಬಹುದು. ಬಿಟ್ಟುಕೊಟ್ಟಾರು ಎಂಬ ಅಂಜಿಕೆಯೇ ಸಾಕು, ಪಿ.ಜಿ. ಆ ಮೆಟ್ಟಿಲು ಹತ್ತುವುದಿಲ್ಲ. ಆಗ ಉಳಿಯುವುದು ಕಾರಿಡಾರಿನಲ್ಲಿ ನಿಂತು ಗೆಳೆಯರನ್ನು ಕೇಳುವುದು, ಕಂಪನಿಯವರು ಕೊಟ್ಟ ಸ್ಯಾಂಪಲ್ ಮಾತ್ರೆಯನ್ನು ತಾವೇ ನುಂಗುವುದು. ತಮ್ಮ ರೋಗಿಗಳು ಹೀಗೆ ಮಾಡಿದರೆ ಇದೇ ವೈದ್ಯರು ಗದರುತ್ತಾರೆ.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 23ನೆಯ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ. 115ನೆಯ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಸರ್ಕಾರ ಆರೈಕೆ ಒದಗಿಸಬೇಕು. ಕಾಯ್ದೆ ಕಾಗದದಲ್ಲಿ ಗಟ್ಟಿಯಾಗಿಯೇ ಇದೆ. ಆದರೆ ಚಿಕಿತ್ಸೆ ಕೊಡುವವರೂ ಭವಿಷ್ಯ ನಿರ್ಧರಿಸುವವರೂ ಒಂದೇ ಸೂರಿನಡಿ ಇರುವುದನ್ನು ಅದು ಊಹಿಸಿದಂತಿಲ್ಲ.

ಈ ಗಂಟನ್ನು ಬೇರೆಡೆ ಹೇಗೆ ಬಿಡಿಸಿದರು ಎಂಬುದನ್ನು ನೋಡಬೇಕು. ಲಂಡನ್ನಿನ ಯುವ ಮನೋವೈದ್ಯೆ ದಕ್ಷಾ ಎಮ್ಸನ್ ತಮ್ಮ ಬೈಪೋಲಾರ್ ಕಾಯಿಲೆಯನ್ನು ವರ್ಷಗಟ್ಟಲೆ ಸಹೋದ್ಯೋಗಿಗಳಿಂದ ಮುಚ್ಚಿಟ್ಟಿದ್ದರು. ಹೆರಿಗೆಯ ನಂತರ ಕಾಯಿಲೆ ಉಲ್ಬಣಿಸಿ, 2000ದಲ್ಲಿ ಅವರೂ ಮೂರು ತಿಂಗಳ ಮಗಳೂ ತೀರಿಕೊಂಡರು. 2003ರ ವಿಚಾರಣಾ ವರದಿ ಕಳಂಕದ ಭಯವನ್ನೂ, ಸ್ವತಃ ವೈದ್ಯೆಯಾದದ್ದರಿಂದಲೇ ಅವರಿಗೆ ಆದ ಅನನುಕೂಲವನ್ನೂ ಎತ್ತಿ ತೋರಿಸಿತು. ಮನೋವೈದ್ಯರಿಗೇ ಮನೋರೋಗವನ್ನು ಬಚ್ಚಿಡಬೇಕಾಗಿ ಬಂದದ್ದು ಇಂಗ್ಲೆಂಡಿನ ವೈದ್ಯ ವ್ಯವಸ್ಥೆಯನ್ನು ಕಲಕಿತು. 2008ರಲ್ಲಿ ಕ್ಲೇರ್ ಜೆರಾಡಾ ಅವರ ಮುಂದಾಳುತನದಲ್ಲಿ ವೈದ್ಯರಿಗೆಂದೇ ಪ್ರತ್ಯೇಕ ಗೋಪ್ಯ ಚಿಕಿತ್ಸಾ ಸೇವೆ ಲಂಡನ್ನಿನಲ್ಲಿ ಶುರುವಾಯಿತು. 2019ರ ಹೊತ್ತಿಗೆ ಅದು ಇಂಗ್ಲೆಂಡಿನ ಎಲ್ಲ ವೈದ್ಯರಿಗೂ ತೆರೆದಿತ್ತು. ಯಾರ ಶಿಫಾರಸೂ ಬೇಡ, ವೈದ್ಯರು ತಾವೇ ನೇರವಾಗಿ ಹೋಗಬಹುದು.

ಬಾರ್ಸಿಲೋನಾದ ಪ್ರಯೋಗ ಇದಕ್ಕಿಂತ ಹಳೆಯದು, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಜಾಣತನದ್ದು. ಅಲ್ಲಿ 1998ರಲ್ಲಿ ಕಾರ್ಯಕ್ರಮ ಆರಂಭಿಸಿದ್ದು ವೈದ್ಯರ ವೃತ್ತಿ ಮಂಡಳಿಯೇ. ನೋಂದಣಿ ಮಾಡುವ ಸಂಸ್ಥೆಯೇ ಚಿಕಿತ್ಸೆಗೂ ಕೈ ಹಾಕಿದರೆ ಯಾರು ಬಾಗಿಲು ತಟ್ಟುತ್ತಾರೆ? ಅವರು ಕಂಡುಕೊಂಡ ಉಪಾಯ ಸರಳ: ಬಂದ ವೈದ್ಯರಿಗೆ ಸುಳ್ಳು ಹೆಸರು. ಕೇಸ್ ಶೀಟ್ ಆ ಹೆಸರಿನಲ್ಲೇ ನಡೆಯುತ್ತದೆ. ರೋಗಿಗಳ ಹಿತಕ್ಕೆ ಗಂಡಾಂತರವಿದೆ ಎನಿಸಿದ ಪ್ರಕರಣಗಳಲ್ಲಿ ಮಾತ್ರ, ವೈದ್ಯರು ಮಂಡಳಿಯೊಂದಿಗೆ ಚಿಕಿತ್ಸೆಯ ಒಪ್ಪಂದಕ್ಕೆ ಸಹಿ ಹಾಕಿ ಕೆಲಸ ಮುಂದುವರಿಸುವ ಏರ್ಪಾಡಿದೆ. ಗೋಪ್ಯತೆ ಎಂದರೆ ತಪ್ಪಿತಸ್ಥರಿಗೆ ಆಸರೆ ಎಂದು ಮೂಗು ಮುರಿಯುವವರಿಗೆ ಈ ಒಪ್ಪಂದದಲ್ಲೇ ಉತ್ತರವಿದೆ: ಬಚ್ಚಿಟ್ಟ ಕಾಯಿಲೆ ವಾರ್ಡಿನ ರೋಗಿಗೂ ಒಳ್ಳೆಯದಲ್ಲ.

ಅಮೆರಿಕದ್ದು ಇದರ ತಿರುವುಮುರುವು ಕಥೆ. ಅಲ್ಲಿನ ಹಲವು ರಾಜ್ಯಗಳ ಲೈಸೆನ್ಸ್ ಅರ್ಜಿಗಳು ಮಾನಸಿಕ ಚಿಕಿತ್ಸೆ ಪಡೆದ ಇತಿಹಾಸವನ್ನೇ ಕೇಳುತ್ತಿದ್ದವು. ನ್ಯೂಯಾರ್ಕಿನ ತುರ್ತು ವೈದ್ಯೆ ಲೋರ್ನಾ ಬ್ರೀನ್ ಕೋವಿಡ್‌ನ ಮೊದಲ ಅಲೆಯಲ್ಲಿ, 2020ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಚಿಕಿತ್ಸೆ ಪಡೆದರೆ ಲೈಸೆನ್ಸ್ ಹೋದೀತೆಂದು ಆಕೆ ಹೆದರಿದ್ದರು ಎಂದು ಕುಟುಂಬದವರು ಹೇಳಿದರು. 2022ರ ಮಾರ್ಚ್‌ನಲ್ಲಿ ಅವರ ಹೆಸರಿನಲ್ಲೇ ಕಾಯ್ದೆ ಬಂತು. ಆದರೆ ಅದು ಕೊಟ್ಟದ್ದು ತರಬೇತಿಗೆ, ಅರಿವಿಗೆ ಹಣ. ಅರ್ಜಿಯ ಪ್ರಶ್ನೆಗಳನ್ನು ತೆಗೆಸಲು ಕುಟುಂಬದವರು ಕಟ್ಟಿದ ಪ್ರತಿಷ್ಠಾನ ರಾಜ್ಯದಿಂದ ರಾಜ್ಯಕ್ಕೆ ಬೇರೆಯೇ ಹೋರಾಡಬೇಕಾಯಿತು.

ನಮ್ಮಲ್ಲಿ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. ನಿಮ್ಹಾನ್ಸ್ ಅದರ ಕೇಂದ್ರ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಡ್ಯೂಟಿ ರೂಮಿನಲ್ಲಿ ಒಬ್ಬರೇ ಕೂತವರಿಗೆ ಅದು ಬಹಳ ದೊಡ್ಡ ಆಸರೆ. ಅಂಥ ಗಳಿಗೆಯಲ್ಲಿ ವೈದ್ಯರೂ ಹಿಂಜರಿಯದೆ ಬಳಸಬೇಕಾದ ಸಂಖ್ಯೆ ಅದು. ಆದರೆ ಗಳಿಗೆ ದಾಟಿದ ಮೇಲಿನ ಆರು ತಿಂಗಳು? ತಿಂಗಳುಗಟ್ಟಲೆ ಔಷಧ, ವಾರಕ್ಕೊಮ್ಮೆ ಸಮಾಲೋಚನೆ, ಕೆಲವೊಮ್ಮೆ ದೀರ್ಘ ರಜೆ ಬೇಕು. ರಜೆ ಬೇಕೆಂದರೆ ಸರ್ಟಿಫಿಕೇಟ್, ಅದರಲ್ಲಿ ಕಾಯಿಲೆಯ ಹೆಸರು. ಹೀಗೆ ಫೋನಿನಲ್ಲಿ ಉಳಿದಿದ್ದ ಗುಟ್ಟು ಕೊನೆಗೆ ಎಚ್.ಓ.ಡಿ. ಟೇಬಲ್ಲಿಗೆ ಬಂದು ಬೀಳುತ್ತದೆ.

ಗೋಪ್ಯತೆಗೂ ಗಡಿಯಾರಕ್ಕೂ ಇರುವ ನಂಟನ್ನು ನಮ್ಮ ಚರ್ಚೆಗಳು ಗಮನಿಸಿದ್ದು ಕಡಿಮೆ. ಊರಾಚೆಯ ವೈದ್ಯರನ್ನು ಕಾಣಬೇಕಾದರೆ ಅರ್ಧ ದಿನವಾದರೂ ಬಿಡುವು ಬೇಕು. ರೆಸಿಡೆಂಟ್ ವೈದ್ಯರ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಇರಬೇಕು ಎಂದು ಕೇಂದ್ರ ಸರ್ಕಾರ ಹೇಳಿದ್ದು 1992ರಲ್ಲಿ. 2023ರ ಸ್ನಾತಕೋತ್ತರ ನಿಯಮಾವಳಿ ಅಂಕಿಯನ್ನೇ ಬಿಟ್ಟು ‘ಸಮಂಜಸ’ ಅವಧಿ ಎಂದಿತು. 2024ರ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ, ಒಂದು ದಿನ ರಜೆ ಇರಲಿ ಎಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳ ನಂತರ, ಒತ್ತಡ ಇಳಿಸಲೆಂದೇ ಕೂತ ಸಮಿತಿಯ ಮಿತಿ ಹಳೆಯ ಆದೇಶಕ್ಕಿಂತ 26 ಗಂಟೆ ಮೇಲಿದೆ. ಕಾರ್ಯಪಡೆಯನ್ನು ದೂರಿ ಫಲವಿಲ್ಲ, ಅದು ವಾಸ್ತವವನ್ನು ಅಳೆದು ಹೇಳಿತು. ವಾಸ್ತವ ಅಲ್ಲಿಗೆ ಮುಟ್ಟಿದೆ ಎಂಬುದೇ ಸಂಗತಿ.

ಗುಟ್ಟಾಗಿ ಚಿಕಿತ್ಸೆ ಪಡೆಯಲಾಗದವರು ಓದನ್ನೇ ಬಿಟ್ಟು ಹೊರಬರೋಣವೆಂದರೆ, ಸೀಟು ಬಿಡುವ ಬಾಂಡ್ ಇನ್ನೊಂದು ಬೀಗ. ಓದು ಅರ್ಧಕ್ಕೆ ಬಿಟ್ಟರೆ ಲಕ್ಷಗಟ್ಟಲೆ ದಂಡ ಕಟ್ಟಿಸಿಕೊಳ್ಳುವ ಈ ಪದ್ಧತಿಯನ್ನು ಕೈಬಿಡುವಂತೆ ವೈದ್ಯಕೀಯ ಆಯೋಗ 2024ರ ಜನವರಿಯಲ್ಲಿ ರಾಜ್ಯಗಳಿಗೆ ಬರೆಯಿತು.

ಕರ್ನಾಟಕದ ಮಟ್ಟಿಗೆ ಏನು ಸಾಧ್ಯ? ಪ್ರತಿ ಕಾಲೇಜಿನಲ್ಲೂ ಒಂದು ಸಮಾಲೋಚನಾ ಕೋಣೆ ತೆರೆದು ಫಲಕ ತೂಗುಹಾಕುವುದು ಸುಲಭ, ಆದರೆ ಆ ಫಲಕವೇ ಜನರನ್ನು ದೂರ ಇಡುತ್ತದೆ. ಬಹುಪಾಲು ಕಾಲೇಜುಗಳಿಗೆ ಪರೀಕ್ಷೆ ನಡೆಸುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಹಾಗಾಗಿ ಅದರ ಕಚೇರಿಯೂ ತಕ್ಕ ಜಾಗವಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಎರಡು ಮಾನಸಿಕ ಆರೋಗ್ಯ ಸಂಸ್ಥೆಗಳಿಗೂ ಬೇರೆ ಕಾಲೇಜಿನ ಪಿ.ಜಿ.ಯ ಥೀಸಿಸ್ ಮೇಲಾಗಲೀ ರಜೆಯ ಮೇಲಾಗಲೀ ಹಿಡಿತವಿಲ್ಲ. ಬೇರೊಂದು ಹೆಸರಿನ ಚೀಟಿ, ಕಾಯಿಲೆಯ ಹೆಸರಿಲ್ಲದ ರಜೆ ಪತ್ರ, ವಾರದಲ್ಲಿ ಅರ್ಧ ದಿನ ವಿಡಿಯೋ ಸಮಾಲೋಚನೆ: ಇಷ್ಟನ್ನು ಅಲ್ಲಿ ಮೊದಲು ಮಾಡಿನೋಡಬಹುದು. ಮುಂದಿನ ಸಮೀಕ್ಷೆ ಪ್ರಶ್ನಾವಳಿಯಲ್ಲೂ ಒಂದು ಸಾಲು ಇರಲಿ: ನಿಮಗೆ ಚಿಕಿತ್ಸೆ ಕೊಟ್ಟವರಿಗೆ ನಿಮ್ಮ ಗೈಡ್ ಪರಿಚಯವಿದ್ದರೇ?