ಕೀಲುಗಳ ಲೆಕ್ಕ, ಕಣ್ಣಿನ ಸಾಕ್ಷ್ಯ

ಬೆಳಕೆಯಿಂದ ಕುಮಟಾದವರೆಗೆ ಮಳೆಗಾಲದಲ್ಲಿ ಗದ್ದೆ ನಟ್ಟಿ ಮಾಡುವವರನ್ನು ನಾವು ನೋಡುತ್ತಲೇ ಬಂದಿದ್ದೇವೆ. ಸೊಂಟ ಬಾಗುತ್ತದೆ, ಮೊಣಕೈ ಮಡಚುತ್ತದೆ, ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಸಸಿ ಹಿಡಿಯುತ್ತದೆ. ಒಂದೊಂದು ಕೀಲಿನ ರಚನೆ ಒಂದೊಂದು ಬಗೆ, ಚಲನೆಯೂ ಹಾಗೆಯೇ. ಇದನ್ನು ಮನುಷ್ಯ ಅರಿತ ದಾರಿ ಮಾತ್ರ ದೀರ್ಘವಾದುದು.

ಸುಶ್ರುತ ಸಂಹಿತೆಯು ದೇಹದಲ್ಲಿ 210 ಸಂಧಿಗಳನ್ನು ಎಣಿಸಿ 8 ಬಗೆಯಾಗಿ ವಿಂಗಡಿಸುತ್ತದೆ. ಹೆಸರುಗಳು ನಿತ್ಯ ಕಾಣುವ ವಸ್ತುಗಳವು. ತೊಡೆಸಂದಿನದು ಒರಳು, ದವಡೆಯದು ಕಾಗೆಯ ಕೊಕ್ಕು, ತಲೆಬುರುಡೆಯದು ಹೊಲಿಗೆ. ಹೊಲಿಗೆಯ ಹೋಲಿಕೆ ಕರಾವಳಿಗರಿಗೆ ಬೇಗ ಅರ್ಥವಾದೀತು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನು ಬತೂತಾ, ಭಾರತದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದುದನ್ನು ದಾಖಲಿಸಿದ್ದಾರೆ.

ಅಬ್ಬಾಸಿಯಾ ಆಡಳಿತದ ಕಾಲದಲ್ಲಿ ಸುಶ್ರುತ ಸಂಹಿತೆ ಅರಬಿ ಭಾಷೆಗೆ ಅನುವಾದವಾಯಿತು. ಗ್ರೀಕ್ ವೈದ್ಯ ಗ್ಯಾಲೆನ್‌ರ ಕೃತಿಗಳೂ ಅರಬಿಗೆ ಬಂದವು. ಇಬ್ನು ಸೀನಾ (980–1037) ತಮ್ಮ 'ಅಲ್ ಕಾನೂನ್'ನಲ್ಲಿ ಕೀಲುಗಳನ್ನು ಮೂರಾಗಿ ವಿಂಗಡಿಸಿದರು: ಸುಲಭವಾಗಿ ಚಲಿಸುವವು, ಕಷ್ಟದಿಂದ ಚಲಿಸುವವು, ಚಲಿಸದವು. ತಲೆಬುರುಡೆಯ ಮೂಳೆಗಳು ಎರಡು ಗರಗಸಗಳ ಹಲ್ಲುಗಳಂತೆ ಒಂದರೊಳಗೊಂದು ಕೂಡಿಕೊಂಡಿವೆ ಎಂದರು. ಇಂದಿನ ಪಠ್ಯಪುಸ್ತಕಗಳ ವಿಂಗಡಣೆಯೂ ಇದಕ್ಕೆ ಹತ್ತಿರವಾಗಿಯೇ ಇದೆ.

ಆದರೆ ಒಂದು ತಪ್ಪು ಶತಮಾನಗಳ ಕಾಲ ಉಳಿದುಬಂತು. ಕೆಳದವಡೆ ಎರಡು ಮೂಳೆಗಳದ್ದು, ಗಲ್ಲದ ನಡುವೆ ಅವು ಕೂಡುತ್ತವೆ ಎಂದು ಗ್ಯಾಲೆನ್ ಬರೆದಿದ್ದರು. ಅವರು ಹೆಚ್ಚಾಗಿ ಪ್ರಾಣಿಗಳ ದೇಹವನ್ನು ಛೇದಿಸಿ ಕಲಿತವರು. ನಾಯಿಯಂಥ ಪ್ರಾಣಿಗಳಲ್ಲಿ ಈ ಕೂಡುಗೆರೆ ಉಳಿದುಕೊಳ್ಳುತ್ತದೆ. ಅವರ ಮಾತನ್ನು ಪ್ರಶ್ನಿಸುವವರು ವಿರಳ.

ಈಜಿಪ್ಟ್ 1200ರಿಂದ 1202ರವರೆಗೆ ಭೀಕರ ಬರಗಾಲಕ್ಕೆ ತುತ್ತಾದಾಗ ವೈದ್ಯ ಅಬ್ದುಲ್ಲತೀಫ್ ಅಲ್ ಬಗ್ದಾದಿ (1162–1231) ಅಲ್ಲಿದ್ದರು. ಕೈರೋ ಬಳಿಯ ಅಲ್ ಮಕ್ಸ್‌ನಲ್ಲಿ ರಾಶಿಬಿದ್ದ ಅಸ್ಥಿಗಳನ್ನು ಪರೀಕ್ಷಿಸಿದರು. ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ನೋಡಿದರೂ ಕೆಳದವಡೆಯಲ್ಲಿ ಕೂಡುಗೆರೆ ಕಾಣಲಿಲ್ಲ. ಅದು ಒಂದೇ ಮೂಳೆ ಎಂದು ಅವರು ಬರೆದಿಟ್ಟರು. ಗ್ಯಾಲೆನ್‌ರನ್ನು ಗೌರವಿಸುತ್ತಲೇ, ಕಣ್ಣಾರೆ ಕಂಡ ಸಾಕ್ಷ್ಯ ಅವರ ಮಾತಿಗಿಂತ ಮಿಗಿಲು ಎಂದರು. ಯುರೋಪಿನಲ್ಲಿ ವೆಸೇಲಿಯಸ್ ಇದೇ ತಿದ್ದುಪಡಿ ಮಾಡಿದ್ದು 1543ರಲ್ಲಿ.

ಹುಟ್ಟುವಾಗ ನಮ್ಮ ಕೆಳದವಡೆಯೂ ಎರಡು ಭಾಗವಾಗಿರುತ್ತದೆ. ಮೊದಲ ವರ್ಷದಲ್ಲೇ ಅವು ಬೆಸೆದುಕೊಳ್ಳುತ್ತವೆ. ಅನಂತರ ದವಡೆ ಚಲಿಸುವುದು ಕಿವಿಗಳ ಮುಂದಿರುವ ಎರಡು ಕೀಲುಗಳಿಂದಲೇ. ಮೊಣಕೈ ಬಿಜಾಗರಿಯಂತೆ ಮಡಚಿದರೆ, ಹೆಗಲು ಗುಣಿಯೊಳಗಿನ ಗುಂಡಿನಂತೆ ಸುತ್ತ ತಿರುಗುತ್ತದೆ. ಹೆಬ್ಬೆರಳ ಬುಡದ ಕೀಲು ಕುದುರೆಯ ಜೀನಿನಂತಿದೆ.

ಹಿರಿಯರ ಗ್ರಂಥಗಳನ್ನು ಓದಿದ್ದರಿಂದಲೇ ಬಗ್ದಾದಿಯವರಿಗೆ ಏನನ್ನು ಪರೀಕ್ಷಿಸಬೇಕೆಂಬುದು ತಿಳಿದಿತ್ತು. ಗ್ರಂಥವನ್ನು ಗೌರವಿಸುವುದೆಂದರೆ ಅದನ್ನು ಪರೀಕ್ಷೆಗೊಡ್ಡಲು ಹಿಂಜರಿಯುವುದಲ್ಲ ಎಂಬುದನ್ನು ನಾವು ಅವರಿಂದ ಕಲಿಯಬೇಕಿದೆ.