ನಮೂನೆ 7 ಮತ್ತು ಚಿಕ್ಕಪ್ಪನ ಬಕೆಟ್ಟು

ಹೋದ ವಾರ ಬಿದ್ದ ಮಳೆಗೆ ರಾಗಿ ಚೇತರಿಸ್ಕೊಂಡಿದೆ. ಎಡೆಕುಂಟೆ ಹೊಡೆದು ಮುಗಿಸಿದ್ದೀನಿ. ಅಕ್ಕಡಿ ಸಾಲಿನ ಅವರೆ ಹೂ ಬಿಡೋಕೆ ಇನ್ನೂ ಟೈಮಿದೆ. ಕೈ ಸ್ವಲ್ಪ ಬಿಡುವಾಗಿದೆ, ಅದಕ್ಕೆ ಬಹಳ ದಿನದಿಂದ ಬರೀಬೇಕು ಅನ್ಕೊಂಡಿದ್ದನ್ನ ಇವತ್ತು ಬರೀತಿದ್ದೀನಿ. ಇದು ಬೆಳೆ ವಿಷಯ ಅಲ್ಲ. 1975ರಿಂದ 77ರವರೆಗೆ ಇದ್ದ ತುರ್ತು ಪರಿಸ್ಥಿತಿ ನಮ್ಮ ಮನೆಯೊಳಗೆ ಹೆಂಗೆ ಬಂತು ಅನ್ನೋ ವಿಷಯ. ಸ್ವಲ್ಪ ಉದ್ದ ಇದೆ, ಸಾವಕಾಶವಾಗಿ ಓದಿ.

ಪಹಣಿಗೆ ಆಧಾರ್ ಜೋಡಿಸ್ಬೇಕು ಅಂತ ಬಂದಾಗ ನಾನು ಅಪ್ಪನ ಹಳೇ ಟ್ರಂಕು ತೆಗೆದೆ. ಅದರಲ್ಲಿ ಭೂ ನ್ಯಾಯಮಂಡಳಿ ಕೊಟ್ಟ ಆದೇಶದ ನಕಲು ಸಿಕ್ತು. ಎರಡು ಎಕರೆ ಹತ್ತು ಗುಂಟೆ, ಅಪ್ಪನ ಹೆಸರಿಗೆ. ಅದರ ಕೆಳಗೆ ಇನ್ನೊಂದು ಚೀಟಿ ಇತ್ತು. ನಮ್ಮ ಚಿಕ್ಕಪ್ಪನಿಗೆ ಕುಟುಂಬ ಯೋಜನೆ ಆಪರೇಷನ್ ಆಗಿದೆ ಅನ್ನೋ ಚೀಟಿ. ಅಪ್ಪ ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿಟ್ಟಿದ್ರು. ಯಾಕೆ ಹಾಗೆ ಇಟ್ರು ಅಂತ ನನಗೆ ಗೊತ್ತು. ಅದನ್ನ ಹೇಳೋಕೇ ಈ ಬರಹ.

ಮೊದಲು ಜಮೀನಿನ ಕಥೆ. ನಮ್ಮ ತಾತನ ಕಾಲದಿಂದ ನಾವು ಗೇಣಿಗೆ ಉಳ್ತಿದ್ವಿ. ಕಣದಲ್ಲಿ ರಾಗಿ ರಾಶಿ ಮಾಡಿದ್ರೆ ಒಡೆಯರ ಪಾಲು ಅಳೆದು ಹೋದ ಮೇಲೆ ಉಳಿದಿದ್ದು ನಮ್ಮದು. ದೇವರಾಜ ಅರಸು ಅವರು ಮುಖ್ಯಮಂತ್ರಿ ಆಗಿದ್ದಾಗ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದ್ರು. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ ವಶ ಆಯ್ತು. ಉಳ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿ ಅದನ್ನ ತಮ್ಮ ಹೆಸರಿಗೆ ಮಾಡಿಸ್ಕೊಳ್ಳಬಹುದು ಅಂತಾಯ್ತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ, ಇದೇ ನ್ಯಾಯಮಂಡಳಿ. ಅದರ ಮುಂದೆ ವಕೀಲರು ಬರೋ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ದುಡ್ಡಿದ್ದವರು ದೊಡ್ಡ ವಕೀಲರನ್ನ ತರ್ತಾರೆ, ಬಡವ ಬಾಯಿ ಬಿಡೋಕಾಗಲ್ಲ ಅನ್ನೋದು ಕಾರಣ. ನಮ್ಮಂಥವರಿಗೆ ಇದರಿಂದ ಅನುಕೂಲ ಆಯ್ತು. ಸುಳ್ಳು ಹೇಳಲ್ಲ, ಗಟ್ಟಿ ಸರ್ಕಾರ ಇಲ್ಲದೇ ಹೋಗಿದ್ರೆ ಆ ಎರಡೂಕಾಲು ಎಕರೆ ನಮಗೆ ಬರ್ತಿರಲಿಲ್ಲ. ಸಾಲ ಪರಿಹಾರ, ಜೀತ ಮುಕ್ತಿ ಕಾನೂನು ಬಂದಿದ್ದೂ ಅದೇ ಸುಮಾರಿಗೆ. ಅದಕ್ಕೇ ನಮ್ಮ ಕಡೆ ಹಿರಿಯರು ಈಗಲೂ ಆ ಕಾಲ ಚೆನ್ನಾಗಿತ್ತು ಅಂತಾರೆ. ಅವರ ಮಾತನ್ನ ನಾನು ತಳ್ಳಿಹಾಕಲ್ಲ.

ಈಗ ಇನ್ನೊಂದು ಕಡೆ ನೋಡೋಣ.

1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ ಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆ ಅಸಿಂಧು ಅಂತ ತೀರ್ಪು ಕೊಟ್ರು. ಜೂನ್ 25ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಗೆ ಸಹಿ ಹಾಕಿದ್ರು. ಮಂತ್ರಿಮಂಡಲಕ್ಕೆ ವಿಷಯ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ದೆಹಲಿಯಲ್ಲಿ ಪತ್ರಿಕೆಗಳು ಅಚ್ಚಾಗೋ ಬೀದಿಗೆ ಆ ರಾತ್ರಿ ಕರೆಂಟು ತೆಗೆದ್ರು. ಸಂಸತ್ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನ ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ರು. ಈಗ ಆ ಜಾಗ ಫ್ರೀಡಂ ಪಾರ್ಕ್. ನಾವು ರೈತರು ಧರಣಿ ಕೂರೋದು ಅಲ್ಲೇ. ದೇವೇಗೌಡರೂ ಆಗ ಆ ಜೈಲಲ್ಲಿದ್ರು.

ಅವರನ್ನ ಹಿಡಿದಿದ್ದು ಮೀಸಾ ಅನ್ನೋ ಕಾಯ್ದೆ ಕೆಳಗೆ. ಆ ಕಾಯ್ದೆಗೆ ಆಮೇಲೆ ತಿದ್ದುಪಡಿ ಮಾಡಿ, ಯಾಕೆ ಬಂಧಿಸಿದ್ದೀವಿ ಅಂತ ಬಂಧಿತನಿಗೆ ಹೇಳಬೇಕಾಗಿಲ್ಲ, ಕೋರ್ಟಿಗೂ ಹೇಳಬೇಕಾಗಿಲ್ಲ ಅಂತ ಮಾಡಿದ್ರು. ಆಮೇಲೆ ನೇಮಿಸಿದ ಶಾ ಆಯೋಗದ ಲೆಕ್ಕದ ಪ್ರಕಾರ ಮೀಸಾದಲ್ಲಿ 34,988 ಜನ, ಭಾರತ ರಕ್ಷಣಾ ನಿಯಮಗಳ ಕೆಳಗೆ 75,818 ಜನ ಒಳಗೆ ಹೋದ್ರು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನ 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರು ಜೈಲಿಗೆ ಹಾಕಿದ್ರು. ಆಯಮ್ಮನಿಗೆ ಆಸ್ತಮಾ ಇತ್ತು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ರು. 20ಕ್ಕೆ ತೀರಿಕೊಂಡ್ರು.

ಜನ ಕೋರ್ಟಿಗೆ ಹೋದ್ರು. ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳ್ತೀವಿ ಅಂದ್ವು. ಹಾಗಂದ ನ್ಯಾಯಮೂರ್ತಿಗಳ ಪೈಕಿ ಡಿ.ಎಂ. ಚಂದ್ರಶೇಖರ್ ಅವರನ್ನ ಅಲಹಾಬಾದಿಗೆ, ಸದಾನಂದಸ್ವಾಮಿ ಅವರನ್ನ ಗುವಾಹಟಿಗೆ ವರ್ಗ ಮಾಡಿದ್ರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ಅಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಸರ್ಕಾರದ ವಕೀಲರನ್ನ ಒಂದು ಪ್ರಶ್ನೆ ಕೇಳಿದ್ರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನ ಕೊಂದ್ರೂ ಪರಿಹಾರ ಇಲ್ವಾ? ತುರ್ತು ಪರಿಸ್ಥಿತಿ ಇರೋವರೆಗೆ ಇಲ್ಲ ಅನ್ನೋದೇ ಉತ್ತರ. 1976ರ ಏಪ್ರಿಲ್ 28ಕ್ಕೆ ಐದು ಜನರಲ್ಲಿ ನಾಲ್ಕು ಜನ ಸರ್ಕಾರದ ಕಡೆ ತೀರ್ಪು ಬರೆದ್ರು. ಖನ್ನಾ ಒಬ್ಬರೇ ಆಗಲ್ಲ ಅಂದ್ರು. ಮುಂದೆ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಕಿರಿಯರಿಗೆ ಹೋಯ್ತು, ಅವರು ರಾಜೀನಾಮೆ ಕೊಟ್ರು.

ಇದೆಲ್ಲ ದೆಹಲಿ ಬೆಂಗಳೂರಿನ ದೊಡ್ಡವರ ವಿಷಯ, ಹಳ್ಳಿಗೇನು ಅಂತ ಅನ್ನಿಸಬಹುದು. ಆಗ ನಮ್ಮೂರಲ್ಲೂ ಹಾಗೇ ಅಂದ್ರಂತೆ. ಆದ್ರೆ ಮೇಲೆ ಯಾರೂ ಯಾಕೆ ಅಂತ ಕೇಳೋ ಹಾಗಿಲ್ಲ ಅಂದ್ಮೇಲೆ ಅದು ನೀರಿನ ಹಾಗೆ ಕೆಳಕ್ಕೆ ಹರಿಯುತ್ತೆ. ಕುಟುಂಬ ಯೋಜನೆಗೆ ಇಷ್ಟು ಕೇಸು ಅಂತ ರಾಜ್ಯಕ್ಕೆ ಗುರಿ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಕೊನೆಗೆ ಹಳ್ಳಿ ಮೇಷ್ಟ್ರ ತಲೆ ಮೇಲೆ. 1975-76ರಲ್ಲಿ ದೇಶದಲ್ಲಿ 26 ಲಕ್ಷ ಚಿಲ್ಲರೆ ಆಪರೇಷನ್ ಆಗಿದ್ರೆ ಮುಂದಿನ ವರ್ಷ 81 ಲಕ್ಷ ದಾಟ್ತು. ಉತ್ತರದ ರಾಜ್ಯಗಳಲ್ಲಿ ಗುರಿ ಮುಟ್ಟದ ಮೇಷ್ಟ್ರುಗಳ ಸಂಬಳ ತಡೆದ್ರು. ಹರಿಯಾಣದ ಉಟಾವರ್ ಅನ್ನೋ ಊರಿಗೆ ಮೊದಲು ಕರೆಂಟು ಕಿತ್ರು, ಆಮೇಲೆ 1976ರ ನವೆಂಬರಲ್ಲಿ ನಸುಕಿಗೇ ಪೊಲೀಸರು ಊರು ಸುತ್ತುವರಿದು ಗಂಡಸರನ್ನ ಹಿಡ್ಕೊಂಡು ಹೋದ್ರು. ಅದರಲ್ಲಿ ಎಷ್ಟೋ ಜನಕ್ಕೆ ಬಲವಂತವಾಗಿ ಆಪರೇಷನ್ ಮಾಡಿದ್ರು.

ನಮ್ಮ ಕಡೆ ಅಷ್ಟು ಜೋರು ಇರಲಿಲ್ಲ. ಪೊಲೀಸರು ಊರಿಗೆ ನುಗ್ಗಲಿಲ್ಲ. ಆದ್ರೂ ಜೀಪಿನ ಸದ್ದು ಕೇಳಿದ್ರೆ ಗಂಡಸರು ತೋಟ ದಾಟಿ ಹಳ್ಳಕ್ಕೆ ಇಳಿಯೋರು. ನಾನು ಆಗ ನಾಲ್ಕನೇ ಕ್ಲಾಸು. ಕೆರೆ ಏರಿ ಮೇಲೆ ನಿಂತು ಧೂಳು ಕಂಡ್ರೆ ಕೂಗೋದು ನಮ್ಮ ಹುಡುಗರ ಕೆಲಸ. ಆಟ ಅನ್ಕೊಂಡಿದ್ವಿ.

ನಮೂನೆ 7 ಅರ್ಜಿ ಹಾಕಿ ವರ್ಷದ ಮೇಲಾಗಿತ್ತು, ವಿಚಾರಣೆಗೆ ಬಂದಿರಲಿಲ್ಲ. ಚಿಕ್ಕಪ್ಪ ಒಂದು ಕಛೇರಿಗೆ ವಿಚಾರಿಸೋಕೆ ಹೋದಾಗ ಅಲ್ಲಿನ ಗುಮಾಸ್ತರೊಬ್ಬರು, ನಿಮ್ಮ ಅರ್ಜಿ ಅಡಿಯಲ್ಲಿ ಬಿದ್ದಿದೆ ಕಣಯ್ಯ, ಮೇಲೆ ಬರಬೇಕಾದ್ರೆ ಮನೆಯಿಂದ ಒಬ್ಬರು ಆಪರೇಷನ್ ಮಾಡಿಸ್ಕೊಂಡು ಚೀಟಿ ತನ್ನಿ ಅಂದ್ರಂತೆ. ಅವರನ್ನೂ ಯಾರೋ ಎಷ್ಟು ಕೇಸು ತಂದೆ ಅಂತ ಕೇಳ್ತಿದ್ರೋ ಏನೋ. ಮನೇಲಿ ರಾತ್ರಿಯೆಲ್ಲ ಮಾತಾಯ್ತು. ಅಪ್ಪನಿಗೆ ನಾವು ಮೂರು ಮಕ್ಕಳು, ಅಪ್ಪ ಹೋಗಬೇಕಿತ್ತು. ಚಿಕ್ಕಪ್ಪನಿಗೆ ಇದ್ದಿದ್ದು ಒಂದೇ ಹೆಣ್ಣು ಕೂಸು. ಆದ್ರೆ ನೇಗಿಲು ಹಿಡಿಯೋ ಅಣ್ಣನಿಗೆ ಏನಾದ್ರೂ ಆದ್ರೆ ಮನೆ ನಿಂತೋಗುತ್ತೆ ಅಂತ ಚಿಕ್ಕಪ್ಪನೇ ಬೆಳಿಗ್ಗೆ ಯಾರಿಗೂ ಹೇಳದೆ ಎದ್ದು ಹೋದ್ರು. ಸಾಯಂಕಾಲ ಸ್ವಲ್ಪ ದುಡ್ಡು, ಒಂದು ಬಕೆಟ್ಟು ತಗೊಂಡು ಬಂದ್ರು. ಎರಡು ವರ್ಷ ಆದ್ಮೇಲೆ ಆ ಕೂಸು ವಾಂತಿಭೇದಿಯಲ್ಲಿ ತೀರಿಹೋಯ್ತು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಚಿಕ್ಕಮ್ಮ ಆ ಬಕೆಟ್ಟಲ್ಲಿ ಯಾವತ್ತೂ ನೀರು ತುಂಬಲಿಲ್ಲ. ಅದು ಕೊಟ್ಟಿಗೇಲೇ ಉಳೀತು, ಈಗಲೂ ಇದೆ.

ಟ್ರಂಕಿನಲ್ಲಿ ಸಿಕ್ಕ ಆದೇಶವನ್ನ ಮೊದಲ ಸಲ ಪೂರ್ತಿ ಓದಿದೆ. ಐದು ಜನ ಕೂತು, ಒಡೆಯರ ಕಡೆಯ ತಕರಾರು ಕೇಳಿ, ಊರಿನ ಇಬ್ಬರ ಸಾಕ್ಷಿ ಬರ್ಕೊಂಡು, ಇಂಥಾ ಕಾರಣಕ್ಕೆ ಗೇಣಿದಾರ ಅಂತ ಒಪ್ಪಿದ್ದೀವಿ ಅಂತ ಬರೆದಿದ್ದಾರೆ. ಆಪರೇಷನ್ನಿನ ಮಾತು ಒಂದು ಅಕ್ಷರ ಇಲ್ಲ. ಇರೋಕೆ ಸಾಧ್ಯನೂ ಇಲ್ಲ, ಕಾಯ್ದೆಯಲ್ಲೇ ಅಂಥದ್ದಿರಲಿಲ್ಲ. ಚಿಕ್ಕಪ್ಪ ಹೋಗದೇ ಇದ್ದಿದ್ರೂ ನಮ್ಮ ಜಮೀನು ನಮಗೆ ಬರ್ತಿತ್ತು. ಅಪ್ಪನಿಗೆ ಇದು ಆಮೇಲೆ ಗೊತ್ತಾಗಿದೆ. ಅದಕ್ಕೇ ಎರಡು ಕಾಗದ ಒಟ್ಟಿಗೆ ಕಟ್ಟಿಟ್ಟಿದ್ರು. ಸಾಯೋಕೆ ಮುಂಚೆ ನನಗೆ ಅಷ್ಟನ್ನೂ ಹೇಳಿದ್ರು.

ನಾನು ತುಂಬ ಯೋಚನೆ ಮಾಡಿದ್ದು ಇಲ್ಲೇ. ಜಮೀನು ಕೊಟ್ಟಿದ್ದೂ ಸರ್ಕಾರ, ಚಿಕ್ಕಪ್ಪನ್ನ ಕಳಿಸಿದ್ದೂ ಸರ್ಕಾರ. ಎರಡೂ ಬಲವಾದ ಕೈಯೇ. ಆದ್ರೆ ಒಂದರಲ್ಲಿ ನೋಟಿಸು ಇತ್ತು, ಎದುರಾಳಿಗೂ ಮಾತಾಡೋಕೆ ಅವಕಾಶ ಇತ್ತು, ಕಾರಣ ಬರೆದು ಕೊಟ್ರು, ಒಪ್ಪದವರು ಹೈಕೋರ್ಟಿಗೆ ರಿಟ್ ಹಾಕೋಕೆ ದಾರಿ ಇತ್ತು. ಇನ್ನೊಂದರಲ್ಲಿ ಬಾಯಿಮಾತು ಅಷ್ಟೆ. ಬರೆದಿದ್ದು ಇಲ್ಲ, ಹಾಗಾಗಿ ತಕರಾರು ಮಾಡೋಕೆ ಏನೂ ಇಲ್ಲ. ಬೇರೆ ಕಾಲದಲ್ಲಾದ್ರೆ ಚಿಕ್ಕಪ್ಪ ಎಲ್ಲಿದೆ ಆದೇಶ ತೋರ್ಸಿ ಅಂತಿದ್ರೇನೋ, ಇಲ್ಲ ಪೇಪರಿನವರಿಗಾದ್ರೂ ಹೇಳ್ತಿದ್ರೇನೋ. ಆ ಎರಡು ವರ್ಷ ಪೇಪರಿಗೆ ಸೆನ್ಸಾರು, ಕೇಳಿದವನನ್ನ ಹಿಡ್ಕೊಂಡು ಹೋಗ್ತಾರೆ ಅನ್ನೋ ಭಯ. ನಾಯಕರನ್ನ ಜೈಲಿಗೆ ಹಾಕಿದ್ದಕ್ಕೂ ಚಿಕ್ಕಪ್ಪ ಬಾಯಿ ಮುಚ್ಕೊಂಡು ಹೋಗಿದ್ದಕ್ಕೂ ಸಂಬಂಧ ಇರೋದು ಹೀಗೆ.

1977ರ ಮಾರ್ಚಲ್ಲಿ ಚುನಾವಣೆ ಆಯ್ತು. ಉತ್ತರ ಪ್ರದೇಶ, ಬಿಹಾರದಲ್ಲಿ ಕಾಂಗ್ರೆಸ್ಸಿಗೆ ಒಂದೂ ಸೀಟು ಬರಲಿಲ್ಲ. ಕರ್ನಾಟಕದಲ್ಲಿ 28ಕ್ಕೆ 26 ಗೆದ್ದರು. ನಮ್ಮನೆ ಓಟೂ ಅದರಲ್ಲಿ ಸೇರಿದೆ, ಚಿಕ್ಕಪ್ಪಂದೂ. ಜಮೀನು ಕೊಟ್ಟವರನ್ನ ಮರೆಯೋಕಾಗುತ್ತಾ ಅಂದ್ರಂತೆ. ಅದು ತಪ್ಪು ಅಂತ ನಾನು ಹೇಳಲ್ಲ. ನಮಗೆ ಒಳ್ಳೇದು ಮಾಡೋ ಕೈ ಇನ್ನೇನು ಮಾಡ್ತಿದೆ ಅಂತ ನೋಡೋದು ಎಷ್ಟು ಕಷ್ಟ ಅನ್ನೋದಕ್ಕೆ ಈ ಮಾತು ಬರೆದೆ.

ಆಮೇಲೆ ಬಂದ ಸರ್ಕಾರ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂತು. ಇನ್ನು ಮುಂದೆ ತುರ್ತು ಪರಿಸ್ಥಿತಿ ಹೇರಬೇಕಾದ್ರೆ ಮಂತ್ರಿಮಂಡಲದ ತೀರ್ಮಾನ ರಾಷ್ಟ್ರಪತಿಗೆ ಬರವಣಿಗೆಯಲ್ಲಿ ಹೋಗಬೇಕು. ಯುದ್ಧ, ಪರದಾಳಿ, ಇಲ್ಲ ಸಶಸ್ತ್ರ ದಂಗೆ ಇರಬೇಕು, ಬರೀ ಒಳಗಿನ ಗಲಭೆ ಸಾಲದು. ಏನೇ ಆದ್ರೂ ಜೀವದ ಹಕ್ಕನ್ನ ಅಮಾನತು ಮಾಡೋ ಹಾಗಿಲ್ಲ. ಆದ್ರೆ ರೈತರು ಇನ್ನೊಂದೂ ತಿಳ್ಕೊಳ್ಳಿ. ಅದೇ ತಿದ್ದುಪಡಿಯಲ್ಲಿ ಆಸ್ತಿ ಹಕ್ಕನ್ನ ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಹಾಕಿದ್ರು. ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ಕೊಳ್ಳೋ ಹಾಗಿಲ್ಲ ಅಂತ ಅದು ಹೇಳುತ್ತೆ. ನಮ್ಮ ಜಮೀನಿಗೆ ಈಗ ಸಂವಿಧಾನದ ಕಾವಲು ಅಂದ್ರೆ ಅದೇ.

1976ರ ಆ ತೀರ್ಪು ಪೂರ್ತಿ ರದ್ದಾಗೋಕೆ 2017 ಆಗಬೇಕಾಯ್ತು. ಆಧಾರ್ ಪ್ರಶ್ನೆ ಮಾಡಿ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಕೇಸಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರು, 76ರ ತೀರ್ಪು ತಪ್ಪು ಅಂತಲೂ ಹೇಳಿದ್ರು. ಹಾಗೆ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ತಂದೆ, ಆ ಹಳೇ ತೀರ್ಪು ಕೊಟ್ಟ ನಾಲ್ಕು ಜನರಲ್ಲಿ ಒಬ್ಬರು.

ನಾನು ಪಹಣಿಗೆ ಆಧಾರ್ ಜೋಡಿಸಿದ್ದೀನಿ. ಬೇನಾಮಿ ಮಾಡೋರಿಗೆ ಕಷ್ಟ ಆಗುತ್ತೆ ಅಂತ ನನಗೂ ಅನ್ಸುತ್ತೆ. ಆದ್ರೆ ಪಹಣಿ, ಸಬ್ಸಿಡಿ, ರೇಷನ್ನು, ಬ್ಯಾಂಕು ಎಲ್ಲಾ ಒಂದೇ ನಂಬರಿನ ಹಗ್ಗಕ್ಕೆ ಕಟ್ಟಿದ ಮೇಲೆ ಆ ಹಗ್ಗ ಯಾರ ಕೈಯಲ್ಲಿದೆ, ಎಳೆದ್ರೆ ಕೇಳೋರು ಯಾರು ಅಂತ ನೋಡ್ತಾ ಇರಬೇಕು. ಇದು ಯಾವ ಪಕ್ಷದ ವಿರುದ್ಧವೂ ಅಲ್ಲ. ಇವತ್ತು ನಮಗೆ ಬೇಕಾದವರು ಇರ್ತಾರೆ, ನಾಳೆ ಬೇಡದವರು ಬರ್ತಾರೆ, ಕುರ್ಚಿಯ ಅಧಿಕಾರ ಹಾಗೇ ಇರುತ್ತೆ.

ನಾನು ಈಗ ಒಂದು ಅಭ್ಯಾಸ ಮಾಡ್ಕೊಂಡಿದ್ದೀನಿ. ಯಾವ ಕಛೇರಿಯಲ್ಲಿ ಯಾರು ಏನು ಆಗಲ್ಲ ಅಂದ್ರೂ, ಇಲ್ಲ ಹೀಗೆ ಮಾಡಿದ್ರೆ ಮಾತ್ರ ಆಗುತ್ತೆ ಅಂದ್ರೂ, ಜಗಳ ಮಾಡಲ್ಲ. ಸ್ವಾಮಿ, ಅದನ್ನೇ ಬರೆದು ಕೊಡಿ ಅಂತೀನಿ. ಅರ್ಜಿ ಕೊಟ್ರೆ ಸ್ವೀಕೃತಿ ತಗೋತೀನಿ. ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳ್ತೀನಿ. ಅರ್ಧ ಜನ ಬರೆದು ಕೊಡಿ ಅಂದ ತಕ್ಷಣ ಕೆಲಸ ಮಾಡ್ಕೊಡ್ತಾರೆ, ನೀವೂ ಮಾಡಿ ನೋಡಿ. ನಮ್ಮ ಚಿಕ್ಕಪ್ಪನಿಗೆ ಆ ನಾಲ್ಕು ಮಾತು ಹೇಳೋ ಧೈರ್ಯ ಆಗ ಯಾರೂ ಉಳಿಸಿರಲಿಲ್ಲ.

ನಿಮ್ಮ ಮನೆ ಟ್ರಂಕಲ್ಲೂ ನಮೂನೆ 7ರ ಕಾಗದ ಇದ್ರೆ ಒಂದು ಸಲ ಪೂರ್ತಿ ಓದಿ. ಆ ಕಾಲದ ಹಿರಿಯರು ಇದ್ರೆ ಹತ್ತಿರ ಕೂತು ಕೇಳಿ, ಬರೆದಿಡಿ. ಅವರು ಹೋದ್ಮೇಲೆ ಸಿಗಲ್ಲ. ಬರೋ ವಾರ ರಾಗಿಗೆ ಮೇಲುಗೊಬ್ಬರ ಹಾಕೋ ಲೆಕ್ಕ ಬರೀತೀನಿ.