ಏಳನೇ ಕುರ್ಚಿ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕೇರಿಗಳಲ್ಲಿ ತಮಟೆ ಬಡಿದು ಬೆಳೆದು ನಾಟಕದಲ್ಲಿ ಎಂ.ಎ. ಮಾಡಿದ ಹುಡುಗ್ರು, 'ಅಣ್ಣಾ, ಯೂನಿವರ್ಸಿಟಿ ನಾಟಕ ವಿಭಾಗದಲ್ಲಿ ನಮ್ಗೆ ಪೋಸ್ಟ್ ಇಲ್ವಾ?' ಅಂತ ಕೇಳ್ತಾರೆ. ರೋಸ್ಟರ್ ವಹಿ ಬರೆಯೋ ಗುಮಾಸ್ತ ನಾನು, ಹಳೇ ಲೆಕ್ಕ ಒಂದು ಹೇಳ್ತೀನಿ.

2017ರಲ್ಲಿ ಅಲಹಾಬಾದ್ ಹೈಕೋರ್ಟ್, ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯವಲ್ಲ, ಒಂದೊಂದು ವಿಭಾಗವೇ ಘಟಕ ಅಂದಿತು. 2018ರ ಮಾರ್ಚ್ 5ಕ್ಕೆ ಯುಜಿಸಿ ಅದನ್ನೇ ಸುತ್ತೋಲೆ ಮಾಡ್ತು. ಆ ಲೆಕ್ಕದಲ್ಲಿ ಪರಿಶಿಷ್ಟ ಜಾತಿಗೆ 7ನೇ ಹುದ್ದೆ, ಪಂಗಡಕ್ಕೆ 14ನೇದು. ನಾಟಕ ವಿಭಾಗದಲ್ಲಿ ಮೇಷ್ಟ್ರುಗಳೇ ಮೂರೋ ನಾಲ್ಕೋ; ಏಳನೇ ಕುರ್ಚಿ ಎಲ್ಲಿಂದ ತರೋದು? ಕೋಟೆಯ ಜೇನುಕುರುಬರ ಹುಡುಗಿ ಹದಿನಾಲ್ಕರ ತನಕ ಕಾಯಬೇಕಿತ್ತಂತೆ!

ದೇಶದ ತುಂಬ ನಮ್ಮವರು ಬೀದಿಗಿಳಿದ ಮೇಲೆ, 2019ರ ಕಾಯ್ದೆ ಕೇಂದ್ರದ ಸಂಸ್ಥೆಗಳಲ್ಲಿ ಇಡೀ ಸಂಸ್ಥೆಯನ್ನೇ ಮತ್ತೆ ಘಟಕ ಮಾಡಿತು.

ತಮ್ಮಂದಿರೇ, ಜಾಹೀರಾತು ಬಂದಾಗ ಹುದ್ದೆ ಎಷ್ಟು ಅಂತ ಮಾತ್ರ ನೋಡ್ಬೇಡಿ. ರೋಸ್ಟರ್ ಬಿಂದು ಎಷ್ಟನೇದು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ನಾನೇ ಬರ್ಕೊಡ್ತೀನಿ.